ಕೊಟ್ಟವರೂ ಪಡೆದವಳೂ ಒಂದೇ ಮನೆಯಲ್ಲಿ

ನನ್ನ ಪತಿ ತಮ್ಮ ಎಡ ಮೂತ್ರಪಿಂಡವನ್ನು ನನಗೆ ಕೊಟ್ಟಿದ್ದಾರೆಂದು ತಿಳಿದವರು ಹೆಚ್ಚುಕಡಿಮೆ ಒಂದೇ ಮಾತನ್ನು ಆಡುತ್ತಾರೆ: ‘ನೀನು ಪುಣ್ಯವಂತೆ ಕಣಮ್ಮ, ಯಾವ ಗಂಡ ಹೀಗೆ ಕೊಡ್ತಾನೆ?’ ಮಾತು ಸುಳ್ಳಲ್ಲ. ರಾಷ್ಟ್ರೀಯ ಅಂಗಾಂಗ ಮತ್ತು ಅಂಗಾಂಶ ಕಸಿ ಸಂಸ್ಥೆಯ ಲೆಕ್ಕದಂತೆ 1995ರಿಂದ 2021ರವರೆಗೆ ನಮ್ಮ ದೇಶದಲ್ಲಿ ನಡೆದ 36,640 ಅಂಗಾಂಗ ಕಸಿಗಳಲ್ಲಿ ಅಂಗ ಪಡೆದ ಹೆಂಗಸರು 6,945 ಮಂದಿ ಮಾತ್ರ. ಉಳಿದ 29,695 ಮಂದಿಯೂ ಗಂಡಸರು. ಬದುಕಿರುವಾಗಲೇ ಅಂಗ ಕೊಡುವವರ ಸಾಲಿನಲ್ಲಿ ನೋಡಿದರೆ ಹೆಚ್ಚಾಗಿ ಕಾಣುವವರು ತಾಯಂದಿರು ಮತ್ತು ಹೆಂಡತಿಯರು. ಹೀಗಿರುವಾಗ ನನ್ನನ್ನು ಪುಣ್ಯವಂತೆ ಎನ್ನುವವರ ಮೇಲೆ ನಾನು ಬೇಸರಪಡುವಂತಿಲ್ಲ. ಆದರೂ ಆ ಮಾತು ಎಲ್ಲವನ್ನೂ ಶಸ್ತ್ರಚಿಕಿತ್ಸೆಯ ಒಂದು ದಿನಕ್ಕೆ ಕಟ್ಟಿಹಾಕುತ್ತದೆ, ಇವರನ್ನು ದಾನಿಯಾಗಿಯೂ ನನ್ನನ್ನು ಬೇಡಿ ಪಡೆದವಳಾಗಿಯೂ ನಿಲ್ಲಿಸುತ್ತದೆ. ಇವರ ಕರುಣೆ ನನಗೆ ಅರ್ಥವಾದದ್ದು ಆ ದಿನದಲ್ಲಲ್ಲ. ಅದಕ್ಕೆ ಹಿಂದಿನ ಮತ್ತು ಮುಂದಿನ ಕಾಲದಲ್ಲಿ, ಕೊಡುವುದನ್ನು ಕೊಡುಗೆಯಾಗಿ ಕಾಣದಂತೆ ಇವರು ನಡೆದುಕೊಂಡ ರೀತಿಯಲ್ಲಿ.

ನನ್ನ ಕಾಯಿಲೆಯ ಚರಿತ್ರೆಯನ್ನು ಬೇಗ ಮುಗಿಸುತ್ತೇನೆ. ಎರಡನೆಯ ಬಸುರಿನಲ್ಲಿ ರಕ್ತದೊತ್ತಡ ಏರಿತ್ತು, ಮೂತ್ರದಲ್ಲಿ ಪ್ರೋಟೀನು ಹೋಗುತ್ತಿತ್ತು. ಹೆರಿಗೆಯಾದ ಮೇಲೆ ಒತ್ತಡ ಇಳಿಯಿತು, ಮಗಳು ಚೆನ್ನಾಗಿದ್ದಳು, ವಿಷಯ ಅಲ್ಲಿಗೆ ಮರೆಯಿತು. ಅನೇಕ ವರ್ಷಗಳ ನಂತರ ಬೆಳಗಿನ ಹೊತ್ತು ಮುಖ ಊದಿಕೊಳ್ಳುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಊಟ ಕಂಡರೆ ವಾಕರಿಕೆ ಶುರುವಾದಾಗ ರಕ್ತ ಪರೀಕ್ಷೆ ಮಾಡಿಸಿದೆವು; ಮೂತ್ರಪಿಂಡ ಹೊರಹಾಕಬೇಕಾದ ಕಲ್ಮಶವಾದ ಕ್ರಿಯಾಟಿನಿನ್ ರಕ್ತದಲ್ಲಿ ಒಂದರ ಆಸುಪಾಸಿನಲ್ಲಿ ಇರಬೇಕಾದದ್ದು ಏಳನ್ನು ದಾಟಿತ್ತು. ಸ್ಕ್ಯಾನಿಂಗ್‌ನಲ್ಲಿ ಎರಡು ಮೂತ್ರಪಿಂಡಗಳೂ ಕುಗ್ಗಿಹೋಗಿದ್ದವು. ಔಷಧಿಯಿಂದ ಹಿಂದಕ್ಕೆ ತರುವ ಹಂತ ಮುಗಿದಿದೆ, ಡಯಾಲಿಸಿಸ್‌ಗೆ ಸಿದ್ಧರಾಗಿ ಎಂದು ವೈದ್ಯರು ಹೇಳಿದರು.

ಡಯಾಲಿಸಿಸ್ ಎಂದರೆ ಯಂತ್ರದಿಂದ ರಕ್ತವನ್ನು ಶುದ್ಧಮಾಡಿಸಿಕೊಳ್ಳುವುದು; ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ನಮ್ಮದು ಸಾಗರ; ತಾಲ್ಲೂಕು ಆಸ್ಪತ್ರೆಯಲ್ಲಿ ಸರದಿ ಸಿಗುವವರೆಗೂ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು. ಅದಕ್ಕೂ ಮೊದಲು ಎಡ ಮುಂಗೈಯಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ಅಪಧಮನಿಯನ್ನೂ ಅಭಿಧಮನಿಯನ್ನೂ ಕೂಡಿಸುತ್ತಾರೆ. ಅದಕ್ಕೆ ಫಿಸ್ಟುಲಾ ಎಂದು ಹೆಸರು. ಅದು ಬಲಿತು ದಪ್ಪ ಸೂಜಿಗಳನ್ನು ತಾಳುವಂತಾಗಲು ಕೆಲವು ವಾರಗಳು ಬೇಕು. ಆ ಕೈಯಲ್ಲಿ ಭಾರ ಎತ್ತಬಾರದು, ರಕ್ತದೊತ್ತಡ ನೋಡಿಸಬಾರದು, ರಕ್ತ ತೆಗೆಸಬಾರದು, ಬಿಗಿಯಾದ ಬಳೆ ತೊಡಬಾರದು. ಎಡಗೈಯ ಬಳೆಗಳನ್ನು ತೆಗೆಯುವುದೆಂದರೆ ನಮ್ಮತ್ತೆಗೆ ಸಹಿಸಲಾಗದ ಅಪಶಕುನ. ಇವರೇ ಪೇಟೆಗೆ ಹೋಗಿ ಎರಡು ಅಳತೆ ದೊಡ್ಡದಾದ ಗಾಜಿನ ಬಳೆಗಳನ್ನು ತಂದು, ‘ಮೊಣಕೈವರೆಗೂ ಓಡಾಡ್ಲಿ ಬಿಡು, ಅಮ್ಮನಿಗೂ ಸಮಾಧಾನ, ಡಾಕ್ಟರಿಗೂ ಸಮಾಧಾನ’ ಎಂದರು.

ಫಿಸ್ಟುಲಾ ಸರಿಯಾಗಿದ್ದರೆ ಅದರ ಮೇಲೆ ಬೆರಳಿಟ್ಟಾಗ ಒಳಗೆ ರಕ್ತ ಹರಿಯುವ ಕಂಪನ ತಿಳಿಯುತ್ತದೆ. ಕಂಪನ ನಿಂತರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಇವರದು ವಿದ್ಯುತ್ ಸಾಮಾನುಗಳ ಚಿಕ್ಕ ಅಂಗಡಿ. ಪ್ರತಿ ರಾತ್ರಿ ಅಂಗಡಿ ಬಾಗಿಲು ಹಾಕಿ ಬಂದು, ಕೈಕಾಲು ತೊಳೆದು, ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ಗಳಿಗೆ ಕಿವಿಗೊಟ್ಟವರಂತೆ ಸುಮ್ಮನಿದ್ದು, ‘ಲೈನಿದೆ’ ಎಂದು ಹೇಳಿ ಊಟಕ್ಕೆ ಕೂರುತ್ತಿದ್ದರು. ಹೇಗಿದ್ದೀಯ ಎಂದು ಕೇಳುತ್ತಿರಲಿಲ್ಲ. ಹಾಗೆ ಕೇಳುವವರು ದಿನಕ್ಕೆ ಹತ್ತು ಜನ ಇರುತ್ತಿದ್ದರು, ಪ್ರತಿಯೊಬ್ಬರಿಗೂ ಉತ್ತರ ಹೇಳುವುದೇ ಒಂದು ದಣಿವು. ಇವರ ಪ್ರಶ್ನೆ ನನ್ನ ಕೈಗೆ, ಉತ್ತರವೂ ಅಲ್ಲಿಂದಲೇ.

ಮೂತ್ರ ಕಡಿಮೆಯಾದ ಮೇಲೆ ಕುಡಿಯುವ ನೀರಿಗೂ ಮಿತಿ ಬರುತ್ತದೆ. ಎಷ್ಟು ಮೂತ್ರ ಹೋಗುತ್ತದೋ ಅದರ ಮೇಲೆ ಅರ್ಧ ಲೀಟರು, ಅಷ್ಟೇ; ಕಾಫಿ, ಮಜ್ಜಿಗೆ, ಸಾರು ಎಲ್ಲವೂ ಅದರೊಳಗೇ ಬರಬೇಕು. ಎಳನೀರು, ಬಾಳೆಹಣ್ಣು, ಕಿತ್ತಳೆ ಬೇಡ. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಬೇಕು. ಬಸಿದ ಕಟ್ಟಿನಲ್ಲೇ ಸಾರಿನ ರುಚಿ ಇದೆಯೆಂದು ನಂಬಿರುವ ನಮ್ಮಂಥ ಮನೆಯಲ್ಲಿ ಅದನ್ನು ಚೆಲ್ಲುವುದು ಸುಲಭವಲ್ಲ. ಇವರು ಆಹಾರತಜ್ಞೆ ಬರೆದುಕೊಟ್ಟ ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಭಾನುವಾರಗಳಂದು ತಾವೇ ಒಲೆಯ ಮುಂದೆ ನಿಂತು ಆ ಸಪ್ಪೆ ಪಲ್ಯವನ್ನು ಮಾಡಲು ಕಲಿತರು. ರುಚಿಯ ಬಗ್ಗೆ ಏನೂ ಹೇಳದಿರುವುದೇ ಕ್ಷೇಮ.

ಮೂತ್ರಪಿಂಡ ಕಸಿಯ ಮಾತು ಬಂದಾಗ ತವರಿನ ಕಡೆ ನೋಡಿದೆವು. ಅಮ್ಮನಿಗೆ ಎಪ್ಪತ್ತು ದಾಟಿತ್ತು, ಜೊತೆಗೆ ಸಕ್ಕರೆ ಕಾಯಿಲೆ. ಅಣ್ಣನ ಮನೆಯಲ್ಲಿ ಹೆದರಿಕೊಂಡರು; ಹೆದರುವುದು ತಪ್ಪಲ್ಲ, ಅದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ಒಂದು ಸಂಜೆ ಇವರು ಲ್ಯಾಬಿನ ಚೀಟಿಯೊಂದನ್ನು ಮೇಜಿನ ಮೇಲಿಟ್ಟು, ‘ನಂದು ಓ ಪಾಸಿಟಿವ್ ಅಂತೆ. ಯಾವ ಗುಂಪಿನವರಿಗೂ ಆಗುತ್ತಂತೆ’ ಎಂದರು. ನನ್ನದು ಬಿ ಪಾಸಿಟಿವ್. ನಾನು ಆಗುವುದಿಲ್ಲವೆಂದೆ. ಮಕ್ಕಳಿಬ್ಬರೂ ಓದುತ್ತಿದ್ದಾರೆ, ಅಂಗಡಿ ಇವರೊಬ್ಬರ ಮೇಲೆ ನಿಂತಿದೆ, ಇವರಿಗೂ ಏನಾದರೂ ಆದರೆ ಮನೆಯ ಗತಿಯೇನು ಎಂಬುದು ನಾನು ಬಾಯಿಬಿಟ್ಟು ಹೇಳಿದ ಕಾರಣ. ಹೇಳದೆ ಉಳಿಸಿಕೊಂಡ ಕಾರಣ ಬೇರೆ. ತೀರಿಸಲಾಗದ ಸಾಲವನ್ನು ಗಂಡನಿಂದ ಪಡೆದು, ಅದೇ ಮನೆಯಲ್ಲಿ ಬಾಳುವುದೆಂದರೆ ಹೇಗೆ ಎಂದು ನನಗೆ ಭಯವಿತ್ತು.

ಇದಾದ ಮೇಲೆ ಬಹಳ ತಿಂಗಳು ಇವರು ಆ ವಿಷಯ ಎತ್ತಲಿಲ್ಲ. ಎತ್ತಿದವರು ಅತ್ತೆ. ಯಾರೋ ನೆಂಟರಿಂದ ಸುದ್ದಿ ತಿಳಿದು, ‘ದುಡಿಯೋ ಗಂಡಸಿನ ಹೊಟ್ಟೆ ಕೊಯ್ಸೋದಾ? ನಾಳೆ ಮೂಟೆ ಎತ್ತೋದು ಯಾರು?’ ಎಂದು ಜಗಲಿಯಲ್ಲಿ ಕೂತು ಅತ್ತರು. ಹೆತ್ತ ಕರುಳು, ಬೇರೇನು ಹೇಳೀತು? ಆಗ ಇವರು ಸಿಟ್ಟಾಗದೆ ಹೇಳಿದ ಮಾತು ಇದು: ‘ಅಮ್ಮಾ, ಈ ಕಾಯಿಲೆ ನಂಗೆ ಬಂದಿದ್ರೆ ನೀವು ಅವಳನ್ನ ಕೇಳ್ತಾನೂ ಇರ್ಲಿಲ್ಲ. ಕೊಡ್ತಾಳೆ ಅಂತಲೇ ಎಲ್ಲರೂ ಅಂದ್ಕೋತಿದ್ರಿ. ಅವಳು ಮನೇಲಿ ಎತ್ತೋದು ಮೂಟೆ ಅಲ್ವಾ?’ ಅತ್ತೆ ಕಣ್ಣೊರೆಸಿಕೊಂಡು ಒಳಗೆ ಹೋದರು. ಆಮೇಲೆ ಅವರು ವಿರೋಧಿಸಲಿಲ್ಲ, ಒಪ್ಪಿದೆನೆಂದೂ ಹೇಳಲಿಲ್ಲ. ಶಸ್ತ್ರಚಿಕಿತ್ಸೆಯ ಹಿಂದಿನ ವಾರ ಇಬ್ಬರ ಹೆಸರಿನಲ್ಲೂ ದೇವರಿಗೆ ಮುಡಿಪು ಕಟ್ಟಿಟ್ಟಿದ್ದರು.

ನನ್ನನ್ನು ಒಪ್ಪಿಸಿದ್ದು ಮಾತ್ರ ಇನ್ನೊಂದು ಮಾತು. ಒಂದು ದಿನ ಡಯಾಲಿಸಿಸ್ ಮುಗಿಸಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಇವರು ಎದುರಿನ ಬಸ್ಸನ್ನು ನೋಡುತ್ತಲೇ, ‘ನಿಂಗೆ ಉಪಕಾರ ಮಾಡೋಕೆ ಕೊಡ್ತೀನಿ ಅಂತ ಯಾಕೆ ಅಂದ್ಕೋತೀಯ? ವಾರಕ್ಕೆ ಮೂರು ದಿನ ಆ ಬೆಂಚಿನ ಮೇಲೆ ಕೂತು ನಂಗೇ ಸಾಕಾಗಿದೆ. ನಿನ್ನ ಜತೆ ಒಂದು ಮದುವೆ ಮನೇಲಿ ಹೊಟ್ಟೆ ತುಂಬ ಊಟ ಮಾಡ್ಬೇಕು ನಂಗೆ’ ಎಂದರು. ತ್ಯಾಗದ ಮಾತನ್ನು ಆಡಿದ್ದರೆ ನಾನು ಇನ್ನೂ ಒಂದು ವರ್ಷ ಬೇಡವೆನ್ನುತ್ತಿದ್ದೆನೇನೋ. ಇದು ಇವರ ಸ್ವಂತ ಅಗತ್ಯವೆಂದು ಕೇಳಿದಾಗ, ಇಲ್ಲವೆನ್ನಲು ನನಗೆ ಕಾರಣ ಸಿಗಲಿಲ್ಲ.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಪರೀಕ್ಷೆಗಳು ಆರಂಭವಾದವು. ದಾನಿಯಾಗುವವರನ್ನು ರೋಗಿಗಿಂತ ಹೆಚ್ಚು ಜಾಲಾಡುತ್ತಾರೆ, ಅದು ಸರಿಯೂ ಹೌದು: ಹೃದಯ, ಸಕ್ಕರೆ, ರಕ್ತದೊತ್ತಡ, ಎರಡು ಮೂತ್ರಪಿಂಡಗಳು ತಲಾ ಎಷ್ಟು ಕೆಲಸ ಮಾಡುತ್ತಿವೆಯೆಂದು ತೋರಿಸುವ ಡಿಟಿಪಿಎ ಸ್ಕ್ಯಾನ್, ರಕ್ತನಾಳಗಳ ಸಿಟಿ ಆಂಜಿಯೋಗ್ರಾಂ, ಮನೋವೈದ್ಯರ ಭೇಟಿ. ಎಲ್ಲದರಲ್ಲೂ ಇವರು ತೇರ್ಗಡೆಯಾದರು. ತಡೆ ಬಂದದ್ದು ನನ್ನ ಕಡೆಯಿಂದ, ನಾನು ಎಣಿಸಿರದ ಜಾಗದಲ್ಲಿ. ಗಂಡಹೆಂಡಿರ ನಡುವೆ ರಕ್ತಸಂಬಂಧವಿಲ್ಲದ ಕಾರಣ ಅಂಗಾಂಶದ ಹೊಂದಾಣಿಕೆ ಕಡಿಮೆ ಇರುವುದು ಸಹಜ. ಆದರೂ ಬದುಕಿರುವ ಸಂಗಾತಿಯ ಆರೋಗ್ಯವಂತ ಮೂತ್ರಪಿಂಡ ಚೆನ್ನಾಗಿ ಬಾಳುತ್ತದೆ ಎಂದು ವೈದ್ಯರು ಧೈರ್ಯ ಹೇಳಿದ್ದರು. 1995ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸಂಗಾತಿಯಿಂದ ಪಡೆದ ಮೂತ್ರಪಿಂಡಗಳಲ್ಲಿ ಶೇ. 85ರಷ್ಟು ಮೂರು ವರ್ಷದ ನಂತರವೂ ಕೆಲಸ ಮಾಡುತ್ತಿದ್ದವು. ಮೃತ ದಾನಿಗಳಿಂದ ಪಡೆದವುಗಳಲ್ಲಿ ಆ ಪ್ರಮಾಣ ಶೇ. 70. ಇವೆಲ್ಲ ಹೇಳಿದ ಮೇಲೆ ವೈದ್ಯೆ ನನ್ನತ್ತ ತಿರುಗಿ, ಎಷ್ಟು ಬಸುರಾಗಿತ್ತು ಎಂದು ಕೇಳಿದರು.

ಕಾರಣವನ್ನು ಅವರು ಬಿಡಿಸಿ ಹೇಳಿದರು. ಹೊಟ್ಟೆಯಲ್ಲಿರುವ ಮಗುವಿನಲ್ಲಿ ಅರ್ಧ ತಂದೆಯ ಗುಣವಿರುತ್ತದೆ. ಬಸುರಿನಲ್ಲಿ, ಅದರಲ್ಲೂ ಹೆರಿಗೆಯ ಹೊತ್ತಿಗೆ, ಮಗುವಿನ ಜೀವಕೋಶಗಳು ತಾಯಿಯ ರಕ್ತಕ್ಕೆ ಸೇರುತ್ತವೆ. ಕೆಲವು ತಾಯಂದಿರ ದೇಹ ಆ ಹೊರಗಿನ ಗುರುತನ್ನು ಶತ್ರುವೆಂದು ನೆನಪಿಟ್ಟುಕೊಂಡು, ಅದರ ವಿರುದ್ಧ ಪ್ರತಿಕಾಯಗಳನ್ನು ಮಾಡಿಟ್ಟುಕೊಳ್ಳುತ್ತದೆ. ಮುಂದೆಂದಾದರೂ ಅದೇ ಗಂಡನ ಅಂಗವನ್ನು ಒಳಗಿಟ್ಟರೆ, ಆ ಪ್ರತಿಕಾಯಗಳು ಅದರ ಮೇಲೆ ಬೀಳಬಹುದು. ಇದೇ ಕಾರಣಕ್ಕೆ ನನಗೆ ಹಿಮೋಗ್ಲೋಬಿನ್ ಎಷ್ಟು ಇಳಿದಾಗಲೂ ರಕ್ತ ಕೊಡದೆ, ಕೆಂಪು ರಕ್ತಕಣ ಹೆಚ್ಚಿಸುವ ಎರಿತ್ರೋಪೊಯೆಟಿನ್ ಚುಚ್ಚುಮದ್ದಿನಲ್ಲೇ ನಿಭಾಯಿಸಿದ್ದರು. ಬೇರೆಯವರ ರಕ್ತ ಪಡೆದರೂ ಇಂಥ ಪ್ರತಿಕಾಯಗಳು ಹುಟ್ಟಬಹುದಂತೆ. ಇವರ ಬಿಳಿ ರಕ್ತಕಣಗಳನ್ನೂ ನನ್ನ ರಕ್ತದ ಸೀರಮ್ಮನ್ನೂ ಒಟ್ಟಿಗೆ ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆಗೆ ರಕ್ತ ಕೊಟ್ಟು, ಫಲಿತಾಂಶಕ್ಕಾಗಿ ಕಾದೆವು.

ಕಾಯುವಾಗ ನನ್ನ ತಲೆಯಲ್ಲಿ ಓಡಿದ್ದನ್ನು ಹೇಳುವುದು ಕಷ್ಟ. ಇಪ್ಪತ್ತಕ್ಕೂ ಹೆಚ್ಚು ವರ್ಷ ಒಟ್ಟಿಗೆ ಬಾಳಿ, ಇವರ ಮಕ್ಕಳನ್ನು ಹೆತ್ತು, ಆ ಹೆತ್ತ ಕಾರಣಕ್ಕೇ ನನ್ನ ರಕ್ತ ಇವರನ್ನು ಪರಕೀಯರೆಂದು ಬರೆದಿಟ್ಟುಕೊಂಡಿರಬಹುದೇ ಎಂಬುದು ನನ್ನನ್ನು ಕಾಡಿತು. ಲಾಡ್ಜಿನ ಕೋಣೆಯಲ್ಲಿ ಇದನ್ನು ಹೇಳಿ ಅತ್ತಾಗ ಇವರು ಸ್ವಲ್ಪ ಹೊತ್ತು ಯೋಚಿಸಿ, ‘ಮಗನ ಮೂಗು ನನ್ನ ಥರ ಅಂತ ಆಗಲೇ ನಿಂಗೆ ಸಿಟ್ಟಿತ್ತಲ್ಲ, ಅದೇ ಇರ್ಬೇಕು’ ಎಂದರು. ಅಳುತ್ತಿದ್ದವಳು ನಕ್ಕುಬಿಟ್ಟೆ. ಕ್ರಾಸ್‌ಮ್ಯಾಚ್ ನೆಗೆಟಿವ್ ಬಂತು. ಜೀವನದಲ್ಲಿ ‘ಇಲ್ಲ’ ಎಂಬ ಫಲಿತಾಂಶಕ್ಕಾಗಿ ಇಷ್ಟು ಹಂಬಲಿಸಿದ್ದು ಅದೊಂದೇ ಸಲ.

ಇನ್ನು ಉಳಿದದ್ದು ಕಾಗದಪತ್ರ. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಗಂಡ ಅಥವಾ ಹೆಂಡತಿಯನ್ನು ಹತ್ತಿರದ ಸಂಬಂಧಿಯೆಂದೇ ಗಣಿಸುತ್ತದೆ. 2014ರ ನಿಯಮಗಳಲ್ಲಿ ಸಂಗಾತಿ ದಾನಿಯಾಗುವಾಗ ತುಂಬಬೇಕಾದದ್ದು 2ನೇ ನಮೂನೆ. ಗಂಡಹೆಂಡಿರೆಂದು ಸುಳ್ಳು ಹೇಳಿ ಮೂತ್ರಪಿಂಡ ಮಾರುವ ದಂಧೆಯನ್ನು ತಡೆಯಲು ಮದುವೆಯ ಪುರಾವೆ ಕೇಳುತ್ತಾರೆ. ನಮ್ಮ ಕಾಲದಲ್ಲಿ ಮದುವೆ ನೋಂದಣಿ ಮಾಡಿಸಿದವರು ಯಾರು? ಲಗ್ನಪತ್ರಿಕೆಯೊಂದನ್ನು ಅಮ್ಮ ತಮ್ಮ ಟ್ರಂಕಿನಲ್ಲಿ ಅರಿಸಿನದ ಕಲೆಯ ಸಮೇತ ಕಾಪಾಡಿದ್ದರು. ಅದನ್ನೂ ಜೋಡಿ ಫೋಟೋವನ್ನೂ ಸಾಕ್ಷಿಗಳನ್ನೂ ಕರೆದುಕೊಂಡು ಉಪನೋಂದಣಾಧಿಕಾರಿಗಳ ಕಚೇರಿಗೆ ಹೋದೆವು. ಸಾಕ್ಷಿಯಾಗಿ ಬಂದ ಚಿಕ್ಕಮಾವನಿಗೆ ಸಂಭ್ರಮವೋ ಸಂಭ್ರಮ. ಸಹಿ ಹಾಕಿಸಿಕೊಂಡ ಗುಮಾಸ್ತರು ನಮ್ಮ ಬೆಳ್ಳಗಾದ ತಲೆಗಳನ್ನು ನೋಡಿ, ಪಾಸ್‌ಪೋರ್ಟಿಗೋ ಎಂದು ಕೇಳಿದರು. ‘ಅಲ್ಲ, ಕಿಡ್ನಿಗೆ’ ಎಂದರು ಇವರು.

ಆಸ್ಪತ್ರೆಯ ಸಮಿತಿಯ ಮುಂದೆ ನಮ್ಮನ್ನು ಮೊದಲು ಬೇರೆಬೇರೆಯಾಗಿ, ಆಮೇಲೆ ಒಟ್ಟಿಗೆ ಕೂರಿಸಿ ಮಾತನಾಡಿಸಿದರು. ಎಲ್ಲವೂ ವಿಡಿಯೋದಲ್ಲಿ ದಾಖಲಾಗುತ್ತದೆ. ಸದಸ್ಯರೊಬ್ಬರು ಮದುವೆಯ ಆಲ್ಬಮ್ಮಿನಲ್ಲಿ ಧಾರೆಯ ಫೋಟೋ ಹಿಡಿದು, ತೆಂಗಿನಕಾಯಿಯ ಮೇಲೆ ಹಾಲು ಎರೆಯುತ್ತಿರುವವರು ಯಾರು, ಹಿಂದೆ ನಿಂತ ಹುಡುಗಿ ಯಾರು ಎಂದು ಒಂದೊಂದೇ ಮುಖವನ್ನು ತೋರಿಸಿ ಕೇಳಿದರು. ಸತ್ತುಹೋದ ಅಪ್ಪನ ಹೆಸರನ್ನು ಆ ಕೋಣೆಯಲ್ಲಿ, ಆ ಕ್ಯಾಮೆರಾದ ಮುಂದೆ ಹೇಳುವಾಗ ನನ್ನ ದನಿ ಕಟ್ಟಿತು. ದಾನಿ ಹೆಂಗಸಾಗಿದ್ದರೆ ಹೆಚ್ಚಿನ ಎಚ್ಚರ ವಹಿಸಬೇಕು, ಆಕೆಯ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವರಲ್ಲದ ಬೇರೊಬ್ಬರಿಂದ ಖಚಿತಪಡಿಸಿಕೊಳ್ಳಬೇಕು ಎಂದು ನಿಯಮದಲ್ಲೇ ಬರೆದಿದೆ. ಬಲವಂತ ಯಾರ ಮೇಲೆ ನಡೆಯುತ್ತದೆಂಬುದು ಕಾನೂನಿಗೂ ಗೊತ್ತು. ನಮ್ಮ ವಿಷಯದಲ್ಲಿ ದಾನಿ ಗಂಡಸು. ಆದರೂ ಇವರನ್ನು ಕೇಳಬೇಕಾದುದನ್ನೆಲ್ಲ ಕೇಳಿದರು. ಯಾವ ಕ್ಷಣದಲ್ಲಾದರೂ ಬೇಡವೆಂದು ಹಿಂದೆ ಸರಿಯಬಹುದು, ಕಾರಣವನ್ನು ಯಾರಿಗೂ ಹೇಳುವುದಿಲ್ಲ ಎಂದಾಗ ಇವರು, ‘ಅವಳಿಗೂ ಹೇಳಲ್ವಾ?’ ಎಂದು ವಿಚಾರಿಸಿದರಂತೆ. ಹೇಳುವುದಿಲ್ಲವೆಂದರಂತೆ. ‘ಹಾಗಾದ್ರೆ ಒಳ್ಳೇ ವ್ಯವಸ್ಥೆ’ ಎಂದು ಹೇಳಿ ಸಹಿ ಹಾಕಿ ಬಂದರು.

ಶಸ್ತ್ರಚಿಕಿತ್ಸೆಯ ಬಗ್ಗೆ ನಾನು ಬರೆಯಬಹುದಾದದ್ದು ಸ್ವಲ್ಪ. ಇಬ್ಬರೂ ಪ್ರಜ್ಞೆಯಿಲ್ಲದೆ ಮಲಗಿದ್ದೆವು. ಎಡ ಮೂತ್ರಪಿಂಡದ ಅಭಿಧಮನಿ ಉದ್ದವಾಗಿರುವುದರಿಂದ ಸಾಮಾನ್ಯವಾಗಿ ಅದನ್ನೇ ಆರಿಸುತ್ತಾರೆ. ಇವರಿಂದ ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ, ತೆಗೆದು, ನನ್ನ ಕಿಬ್ಬೊಟ್ಟೆಯ ಬಲಗಡೆ ಜೋಡಿಸಿದರು. ನನ್ನ ಹಳೆಯ ಮೂತ್ರಪಿಂಡಗಳು ಇದ್ದಲ್ಲೇ ಇವೆ. ಟೇಬಲ್ಲಿನ ಮೇಲೇ ಮೂತ್ರ ಹರಿಯಲು ಶುರುವಾಯಿತೆಂದು ಆಮೇಲೆ ತಿಳಿಯಿತು. ಎಚ್ಚರವಾದಾಗ ಮಂಚದ ಪಕ್ಕದ ಚೀಲ ತುಂಬುತ್ತಿತ್ತು, ದಾದಿ ಗಂಟೆಗಂಟೆಗೂ ಅಳೆದು ಬರೆದುಕೊಳ್ಳುತ್ತಿದ್ದರು, ಅಳತೆಗೆ ತಕ್ಕಂತೆ ಡ್ರಿಪ್ ಏರಿಸುತ್ತಿದ್ದರು. ವರ್ಷಗಳ ವಾಕರಿಕೆ ಎರಡೇ ದಿನದಲ್ಲಿ ಹೋಯಿತು, ಬಾಯಿಗೆ ಅನ್ನದ ರುಚಿ ಬಂತು.

ಇದರ ಇನ್ನೊಂದು ಮಗ್ಗುಲನ್ನು ಯಾರೂ ನಮಗೆ ಸರಿಯಾಗಿ ಹೇಳಿರಲಿಲ್ಲ. ಕಾಯಿಲೆಯಿಂದ ಬಂದವಳು ನಾನು, ನನಗೆ ದಿನದಿಂದ ದಿನಕ್ಕೆ ಹಗುರ. ಆರೋಗ್ಯವಾಗಿ ನಡೆದುಬಂದವರು ಇವರು, ಇವರಿಗೆ ನೋವು. ಲ್ಯಾಪರೋಸ್ಕೋಪಿಗೆ ತುಂಬುವ ಗಾಳಿಯಿಂದ ಭುಜದವರೆಗೂ ಎಳೆತ, ಕೆಮ್ಮಿದರೆ ಹೊಟ್ಟೆ ಹಿಡಿದುಕೊಳ್ಳಬೇಕು, ಎದ್ದು ಕೂರಲು ಇಬ್ಬರು ಬೇಕು. ನೋಡಲು ಬಂದ ನೆಂಟರೆಲ್ಲ ಗಾಜಿನಾಚೆಯಿಂದ ನನ್ನತ್ತ ಕೈಬೀಸಿ, ಇವರ ವಾರ್ಡಿನಲ್ಲಿ ‘ನೀವು ದೊಡ್ಡ ಮನುಷ್ಯರು’ ಎಂದು ಹೇಳಿ ಹೋಗುತ್ತಿದ್ದರು. ದೊಡ್ಡ ಮನುಷ್ಯನಿಗೆ ಒಂದು ಲೋಟ ಬಿಸಿನೀರು ಬೇಕೇ ಎಂದು ಕೇಳಲು ಮಗನನ್ನು ನಾನು ಫೋನಿನಲ್ಲಿ ಓಡಿಸಬೇಕಾಯಿತು. ಇವರನ್ನು ನಾಲ್ಕೈದು ದಿನಕ್ಕೆ ಬಿಡುಗಡೆ ಮಾಡಿದರು. ನಾನು ಹೊರಬಂದ ಮೇಲೆ ಆಸ್ಪತ್ರೆಯ ಹತ್ತಿರವೇ ಬಾಡಿಗೆ ಮನೆ ಹಿಡಿದು ಕೆಲವು ತಿಂಗಳು ಇದ್ದೆವು, ಮತ್ತು ಆ ಮನೆಯಲ್ಲಿ ಮಾಸ್ಕು ಹಾಕಿಕೊಂಡು ಇವರ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದವಳು ನಾನು. ಅಷ್ಟು ದಿನ ಮಾಡಿಸಿಕೊಂಡೇ ಇದ್ದವಳಿಗೆ ಆ ಕೆಲಸ ಸಿಕ್ಕಿದ್ದು ಎಷ್ಟು ದೊಡ್ಡ ಬಿಡುಗಡೆಯೆಂದು ಹೇಳಲಾರೆ. ಇವರು ಮಾಡಿಸಿಕೊಂಡರು ಕೂಡ. ನನಗೇನೂ ಆಗಿಲ್ಲ ಎಂಬ ಗಂಡಸರ ಹಟ ತೋರಿಸಲಿಲ್ಲ. ಅದನ್ನೂ ನಾನು ಇವರ ಕರುಣೆಯ ಲೆಕ್ಕಕ್ಕೇ ಸೇರಿಸುತ್ತೇನೆ.

ಕಸಿಯಾದ ಮೇಲೆ, ದೇಹ ಹೊಸ ಅಂಗದ ಮೇಲೆ ಬೀಳದಂತೆ ತಡೆಯುವ ಮಾತ್ರೆಗಳು ಆಯುಷ್ಯದುದ್ದಕ್ಕೂ: ಟ್ಯಾಕ್ರೊಲಿಮಸ್, ಮೈಕೊಫೆನೊಲೇಟ್, ಪ್ರೆಡ್ನಿಸೊಲೋನ್. ಟ್ಯಾಕ್ರೊಲಿಮಸ್ ಹನ್ನೆರಡು ಗಂಟೆಗೊಮ್ಮೆ ತಪ್ಪದೆ ಆಗಬೇಕು. ರಕ್ತದಲ್ಲಿ ಅದರ ಮಟ್ಟ ನೋಡುವ ದಿನ ಬೆಳಗಿನ ಮಾತ್ರೆಗೆ ಮುಂಚೆಯೇ ರಕ್ತ ಕೊಡಬೇಕು. ಕೈ ಸಣ್ಣಗೆ ನಡುಗಿತು, ಮುಖ ಗುಂಡಾಯಿತು. ಜಾತ್ರೆ, ಮದುವೆಗಳಿಗೆ ಕೆಲಕಾಲ ಹೋಗುವಂತಿರಲಿಲ್ಲ. ಇವರು ಬಯಸಿದ ಮದುವೆಯೂಟ ಮುಂದಕ್ಕೆ ಹೋಗುತ್ತಲೇ ಇತ್ತು. ದೇವನಹಳ್ಳಿಯ ಕಡೆಯ ಪರಿಚಯದವರು ಚಕ್ಕೋತ ತಂದುಕೊಟ್ಟಾಗ, ಅದರ ಜಾತಿಯ ಹಣ್ಣುಗಳು ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸುತ್ತವೆಂದು ವೈದ್ಯರು ಬೇಡವೆಂದರು. ನನ್ನ ಪಾಲನ್ನೂ ಇವರೇ ತಿಂದರು, ಅದೂ ನನ್ನ ಎದುರಿಗೇ ಕೂತು, ತುಂಬ ಸಿಹಿಯೆಂದು ವರ್ಣಿಸುತ್ತ.

ನಾನು ಹೆದರಿದ್ದ ಸಾಲದ ಭಾವ ಬರದೆ ಇರಲಿಲ್ಲ. ಅದು ಬಂದದ್ದು ಕಣ್ಣೀರಾಗಿ ಅಲ್ಲ, ಮೌನವಾಗಿ. ಅಂಗಡಿಯ ಸಾಲದ ವಿಷಯದಲ್ಲಿ, ಮಗನ ಕಾಲೇಜಿನ ವಿಷಯದಲ್ಲಿ ಇವರ ತೀರ್ಮಾನ ನನಗೆ ಒಪ್ಪಿಗೆಯಾಗದಿದ್ದರೂ ನಾನು ಹೂಂ ಎನ್ನತೊಡಗಿದ್ದೆ. ಒಳಗೊಂದು ತುಂಡು ಇವರದೇ ಇರುವಾಗ ಎದುರು ಮಾತನಾಡಲು ನಾಲಿಗೆ ಏಳುತ್ತಿರಲಿಲ್ಲ. ಊರಿಗೆ ಮರಳಿದ ಮೇಲೆ ಒಂದು ರಾತ್ರಿ ಇವರು ಊಟದ ತಟ್ಟೆ ಸರಿಸಿ, ‘ನೀನು ಜಗಳ ಆಡಿ ಎಷ್ಟು ದಿನ ಆಯ್ತು?’ ಎಂದು ಕೇಳಿದರು. ಜಗಳಕ್ಕೇನಿದೆ ಎಂದೆ. ‘ಮಗನ್ನ ಆ ಕಾಲೇಜಿಗೆ ಹಾಕೋದು ನಿಂಗೆ ಇಷ್ಟ ಇಲ್ಲ, ನಂಗೆ ಗೊತ್ತು. ಕಿಡ್ನಿ ಕೊಟ್ಟಿದ್ದು ನಿನ್ನ ಬಾಯಿ ಮುಚ್ಚಿಸೋಕಲ್ಲ ಕಣೆ’ ಎಂದರು. ದನಿಯಲ್ಲಿ ನಿಜವಾದ ಸಿಟ್ಟಿತ್ತು. ಆ ರಾತ್ರಿ ನಾವು ಹನ್ನೊಂದರವರೆಗೂ ಜೋರಾಗಿಯೇ ವಾದ ಮಾಡಿದೆವು. ಅತ್ತೆ ಎದ್ದು ಬಂದು, ಅಕ್ಕಪಕ್ಕದವರು ಮಲಗಿದ್ದಾರೆಂದು ಗದರಿಸಿ ಹೋದರು. ಮಗ ಕೊನೆಗೆ ನಾನು ಹೇಳಿದ ಕಾಲೇಜಿಗೂ ಸೇರಲಿಲ್ಲ, ಇವರು ಹೇಳಿದ್ದಕ್ಕೂ ಸೇರಲಿಲ್ಲ.

ಈಗ ವರ್ಷಕ್ಕೊಮ್ಮೆ ಇವರ ತಪಾಸಣೆಯೂ ನನ್ನ ತಪಾಸಣೆಯ ಜೊತೆಗೇ ಆಗುತ್ತದೆ. ಒಂದೇ ಮೂತ್ರಪಿಂಡ ಇರುವವರು ನೋವಿನ ಮಾತ್ರೆಗಳನ್ನು ತಾವಾಗಿ ನುಂಗಬಾರದು, ತೂಕ ಏರಿಸಿಕೊಳ್ಳಬಾರದು, ರಕ್ತದೊತ್ತಡದ ಮೇಲೆ ಕಣ್ಣಿಟ್ಟಿರಬೇಕು. ಹೋದ ವರ್ಷ ಇವರ ಒತ್ತಡ ಸ್ವಲ್ಪ ಏರಿದೆಯೆಂದು ತಿಳಿಯಿತು, ಮಾತ್ರೆಯ ಜೊತೆಗೆ ಉಪ್ಪು ತಗ್ಗಿಸಲು ಹೇಳಿದ್ದಾರೆ. ಉಪ್ಪಿನಕಾಯಿಯ ಭರಣಿಯನ್ನು ಅಟ್ಟಕ್ಕೆ ಏರಿಸಿದ್ದೇನೆ, ಹಪ್ಪಳ ಹಬ್ಬಕ್ಕೆ ಮಾತ್ರ. ಇವರು ಮಧ್ಯಾಹ್ನ ಅಂಗಡಿಯಿಂದ ಬಂದು ಸಾರಿಗೆ ಕೈಹಾಕುವ ಮೊದಲೇ ಉಪ್ಪಿನ ಡಬ್ಬಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಳ್ಳುತ್ತೇನೆ. ಇವರು ಅದಕ್ಕೂ ದಿನವೂ ಗೊಣಗುತ್ತಾರೆ.